ಓನರ್ ಸಾರ್‌ಗೆ ಬೇಡ ಅಂದ ಟ್ರೈನರ್

ಅರೆಕೆರೆಯ ಕೆಂಪರಾಜು ಮನೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಒಂದು ಕೆಲಸ ತಪ್ಪುವ ಹಾಗಿರಲಿಲ್ಲ. ತಾಯಿ ಸೊಣ್ಣಮ್ಮನವರನ್ನು ಮಂಚದಿಂದ ಎರಡೂ ತೋಳಲ್ಲಿ ಎತ್ತಿಕೊಂಡು ಬಂದು, ಬೀದಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಬೇಕು. ಎಪ್ಪತ್ತೆಂಟು ವರ್ಷದ ಸೊಣ್ಣಮ್ಮ ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ನಿಧಾನವಾಗಿ ನಡೆಸಿ ಅಂತ ಡಾಕ್ಟರೂ ಹೇಳಿದ್ದರು. ಆದರೆ ಆಯಮ್ಮನಿಗೆ ಕಾಲು ನೆಲಕ್ಕೆ ಊರಲು ಭಯ. ಫಿಸಿಯೋಥೆರಪಿಯವರು ಬಂದರೆ ಕಂಬಳಿ ಎಳೆದುಕೊಂಡು ಗೊರಕೆ ಹೊಡೆಯುವವರ ಹಾಗೆ ನಟಿಸುತ್ತಿದ್ದರು. ಹೋಮ್ ನರ್ಸುಗಳು ಮೂರು ಜನ ಬಂದರು, ಮೂರು ಜನವೂ ಹೋದರು. ಮಗ ಎತ್ತಿದರೆ ಏಳ್ತೀನಿ, ಇಲ್ಲದಿದ್ದರೆ ಇಲ್ಲ ಅನ್ನುವುದು ಅವರ ಕಟ್ಟಪ್ಪಣೆ.

ಕುರ್ಚಿಗೆ ಬಂದು ಕೂತರೆ ಮಾತ್ರ ಸೊಣ್ಣಮ್ಮ ಬೇರೆಯೇ ಮನುಷ್ಯರು. ಸೊಪ್ಪಿನ ಗಾಡಿಯವನ ಜೊತೆ ಚೌಕಾಸಿ, ಮೇಲಿನ ಮನೆಯವರು ನಲ್ಲಿ ಬಿಟ್ಟು ಹೋದರೆ ಕೂಗಾಟ, ಹೋಗಿ ಬರುವ ಬಾಡಿಗೆಯವರಿಗೆಲ್ಲ ತಿಂಡಿ ಆಯ್ತಾ ಅನ್ನುವ ವಿಚಾರಣೆ. ಆ ಕುರ್ಚಿಯೇ ಅವರ ಊರು, ಅದೇ ಅವರ ಹೊಲ. ಕೆಂಪರಾಜುಗೂ ಅವ್ವ ಅಲ್ಲಿ ಕೂತಿದ್ದರೇನೇ ಕಾಫಿ ರುಚಿಸುತ್ತಿದ್ದುದು.

ಒಂದು ದಿನ ಮಂಚದಿಂದ ಕುರ್ಚಿಗೆ ಬರುವ ಹತ್ತು ಹೆಜ್ಜೆಯಲ್ಲಿ ಕೆಂಪರಾಜುವಿನ ಕೈ ನಡುಗಿತು. ಐವತ್ತನಾಲ್ಕು ವಯಸ್ಸು, ಮುಂದೆ ಬಂದ ಹೊಟ್ಟೆ, ಬಿ.ಪಿ. ಮಾತ್ರೆ. ಹೇಗೋ ಕುರ್ಚಿ ಮುಟ್ಟಿಸಿದ. ಆದರೆ ಅವತ್ತಿಡೀ ದಿನ ಒಂದೇ ಯೋಚನೆ. ದಾರಿಯಲ್ಲೇ ಕೈಬಿಟ್ಟಿದ್ದರೆ ಅವ್ವನ ಗತಿ ಏನು? ಮೈಯಲ್ಲಿ ಶಕ್ತಿ ಬರಿಸಿಕೊಳ್ಳಬೇಕು ಅಂತ ಅವತ್ತೇ ತೀರ್ಮಾನ ಮಾಡಿದ.

ತೀರ್ಮಾನ ಸರಿಯಾಗಿಯೇ ಇತ್ತು, ಹಿಡಿದ ದಾರಿ ಸರಿಯಿರಲಿಲ್ಲ. ಕೆಂಪರಾಜು ಅಪ್ಪನ ಕಾಲದ ರಾಗಿ ಹೊಲದಲ್ಲಿ ಈಗ ಎರಡು ಬಿಲ್ಡಿಂಗು ಎದ್ದಿವೆ. ಅದರಲ್ಲೊಂದರ ಕೆಳಗಿನ ಅಂತಸ್ತಿನಲ್ಲಿ ಮನೋಜ್ ಅನ್ನುವವನು ಜಿಮ್ ನಡೆಸುತ್ತಿದ್ದ. ನಮ್ಮದೇ ಬಿಲ್ಡಿಂಗಿನಲ್ಲಿ ಜಿಮ್ ಇರುವಾಗ ಬೇರೆಯವರನ್ನು ಯಾಕೆ ಕೇಳಬೇಕು ಅಂತ ಕೆಂಪರಾಜು ಮರುದಿನವೇ ಪಂಚೆ ಬಿಟ್ಟು ಹೊಸ ಟ್ರ್ಯಾಕ್ ಪ್ಯಾಂಟು ಹಾಕಿ ಹೊರಟ. ಓನರ್ ಸಾರ್ ಬಂದರು ಅಂತ ಜಿಮ್ಮಿನವರೆಲ್ಲ ಎದ್ದು ನಿಂತರು. ಒಬ್ಬ ಫ್ಯಾನು ತಿರುಗಿಸಿದ, ಇನ್ನೊಬ್ಬ ನೀರು ತಂದ. ಅವನು ಏನು ಮಾಡಿದರೂ ಸಖತ್ ಸಾರ್, ಸೂಪರ್ ಸಾರ್. ಬಿ.ಪಿ. ಇದೆಯಾ ಅಂತ ಯಾರೂ ಕೇಳಲಿಲ್ಲ. ಬೆನ್ನು ಬಾಗುತ್ತಿದೆ ಅಂತಲೂ ಯಾರೂ ಹೇಳಲಿಲ್ಲ. ಕೆಂಪರಾಜು ಮೊಬೈಲಿನಲ್ಲಿ ವಿಡಿಯೋ ನೋಡುವುದು, ಅದರಲ್ಲಿದ್ದ ಇಪ್ಪತ್ತೈದರ ಹುಡುಗ ಎತ್ತಿದ್ದನ್ನು ತಾನೂ ಎತ್ತುವುದು. ನವಿಲು ಕುಣಿಯಿತು ಅಂತ ಕೆಂಬೂತ ಪುಕ್ಕ ಕೆದರಿದ ಹಾಗಾಯಿತು.

ಹದಿನೇಳನೇ ದಿನ ನೆಲದ ಮೇಲಿನ ಭಾರ ಎತ್ತಲು ಹೋದವನಿಗೆ ಬೆನ್ನಿನಲ್ಲಿ ಚಳಕ್ ಅಂತು. ಅಲ್ಲೇ ಕುಸಿದು ಕೂತ. ಮನೋಜ್ ಮತ್ತು ಇನ್ನಿಬ್ಬರು ಹಿಡಿದು ಮನೆಗೆ ತಂದು ಮಲಗಿಸಿದರು.

ಜಯನಗರ ನಾಲ್ಕನೇ ಬ್ಲಾಕಿನ ಡಾಕ್ಟರು ಪರೀಕ್ಷೆ ಮಾಡಿ, ಡಿಸ್ಕ್ ಏನೂ ಜಾರಿಲ್ಲ, ಸ್ನಾಯು ಎಳೆದಿದೆ ಅಂದರು. ಹೆಂಡತಿ ನಾರಾಯಣಮ್ಮ ಅಲ್ಲೇ ಕೈ ಮುಗಿದಳು. ಆದರೆ ಆರು ವಾರ ಭಾರ ಎತ್ತುವ ಹಾಗಿಲ್ಲ, ಆಮೇಲೂ ಗೊತ್ತಿರುವವರ ಕೈಕೆಳಗೆ ನಿಧಾನವಾಗಿ ಶಕ್ತಿ ಬೆಳೆಸಿಕೊಳ್ಳಬೇಕು ಅಂತ ಡಾಕ್ಟರು ಬರೆದುಕೊಟ್ಟರು.

ಅಲ್ಲಿಗೆ ಬೆಳಿಗ್ಗೆ ಏಳರ ಕೆಲಸ ನಿಂತಿತು. ಪಕ್ಕದ ಮನೆಯವರು ಇಬ್ಬರು ಬಂದು ಸೊಣ್ಣಮ್ಮನವರನ್ನು ಎತ್ತಲು ನೋಡಿದರು. ಆಯಮ್ಮ ಅಯ್ಯೋ ಅಂತ ಕೂಗಿದ್ದು ಕೇಳಿ ಅವರೇ ಹೆದರಿ ಬಿಟ್ಟುಬಿಟ್ಟರು. ಸೊಣ್ಣಮ್ಮ ಗೋಡೆ ಕಡೆ ತಿರುಗಿ ಮಲಗಿದರು. ಒಂದು ದಿನ, ಎರಡು ದಿನ, ಒಂಬತ್ತು ದಿನ. ಮುದ್ದೆ ಅರ್ಧಕ್ಕೆ ಬಿಟ್ಟರು, ಮಾತು ಬಿಟ್ಟರು. ಈ ಕೋಣೆಯಲ್ಲಿ ಮಗ, ಆ ಕೋಣೆಯಲ್ಲಿ ತಾಯಿ, ಇಬ್ಬರೂ ಹಾಸಿಗೆ ಹಿಡಿದಿದ್ದರು. ಬಾಗಿಲ ಪಕ್ಕದ ಖಾಲಿ ಕುರ್ಚಿ ಕಂಡಾಗಲೆಲ್ಲ ಕೆಂಪರಾಜುಗೆ ಅಳು ಬರುತ್ತಿತ್ತು. ಅವ್ವ ಇನ್ನು ಏಳುವುದೇ ಇಲ್ಲವೇನೋ ಅನ್ನಿಸಿತ್ತು.

ಹತ್ತನೇ ದಿನ ನಾರಾಯಣಮ್ಮನ ಅಣ್ಣ ಚಿನ್ನಪ್ಪ ಜೆ.ಪಿ. ನಗರದಿಂದ ನೋಡಲು ಬಂದ. ಹಾರ್ಡ್‌ವೇರ್ ಅಂಗಡಿ ಚಿನ್ನಪ್ಪ ಅಂದರೆ ಮೊದಲು ಎಲ್ಲರೂ ನಗುತ್ತಿದ್ದರು. ಕೂತಲ್ಲಿಂದ ಏಳಬೇಕಾದರೆ ಟೇಬಲ್ಲು, ಗೋಡೆ, ಗಿರಾಕಿಯ ಭುಜ ಎಲ್ಲ ಬೇಕಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಹೆದರಿಸಿದ್ದಕ್ಕೆ ಒಬ್ಬ ಟ್ರೈನರ್ ಇಟ್ಟುಕೊಂಡಿದ್ದ. ಈಗ ಮೆಟ್ರೋ ಸ್ಟೇಷನ್ನಿನಲ್ಲಿ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಾನೆ. ನೀನೂ ಒಬ್ಬರನ್ನು ಇಟ್ಟುಕೋ ಅಂದ.

ಕೆಂಪರಾಜು ಮಲಗಿದಲ್ಲೇ ಮುಖ ಸಿಂಡರಿಸಿದ. ಟ್ರೈನರು ಗೀನರು ಎಲ್ಲ ಸಿನಿಮಾದವರಿಗೆ. ಹದಿನಾರು ವರ್ಷಕ್ಕೆ ನೇಗಿಲು ಹಿಡಿದ ಮೈ ಇದು. ತನಗೆ ಕೂತು ಏಳುವುದನ್ನು ಹೇಳಿಕೊಡಲು ದುಡ್ಡು ಕೊಟ್ಟು ಒಬ್ಬರನ್ನು ಕರೆಸುವುದಾ?

"ಭಾವ, ನೇಗಿಲು ಹಿಡ್ದಿದ್ದು ಮೂವತ್ತೆಂಟು ವರ್ಷದ ಹಿಂದೆ," ಅಂದ ಚಿನ್ನಪ್ಪ. "ಆಮೇಲೆ ಹಿಡ್ದಿದ್ದು ಟಿವಿ ರಿಮೋಟು. ಕಾರ್ ಕಲಿಯೋಕೆ ಡ್ರೈವಿಂಗ್ ಸ್ಕೂಲಿಗೆ ಹೋದೆ ತಾನೆ? ಕಾರ್ ಕೆಟ್ರೆ ಇನ್ನೊಂದು ತರಬೋದು. ಬೆನ್ನು ಎಲ್ಲಿಂದ ತರ್ತೀಯ?"

ನಾರಾಯಣಮ್ಮ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಕೆಂಪರಾಜು ಸೋತ. ಆದರೂ ಸುಮ್ಮನಾಗಲಿಲ್ಲ, ಮೂರನೇ ಮಹಡಿಯ ಬಾಡಿಗೆಯವರಿಗೆ ಗೊತ್ತಿರುವ ಒಬ್ಬನಿದ್ದಾನೆ, ನಮ್ಮವನೇ, ಒಂದೇ ತಿಂಗಳಲ್ಲಿ ಹೊಟ್ಟೆ ಕರಗಿಸ್ತಾನಂತೆ, ಯಾವುದೋ ಪೌಡರ್ ಡಬ್ಬಿ ಕೂಡ ಕೊಡ್ತಾನಂತೆ, ಅವನನ್ನೇ ಕರೆಸೋಣ ಅಂದ. ಚಿನ್ನಪ್ಪ ತಲೆ ಅಲ್ಲಾಡಿಸಿದ. ಒಂದು ತಿಂಗಳಲ್ಲಿ ಕರಗಿಸ್ತೀನಿ ಅನ್ನುವವನನ್ನೂ, ಮೊದಲ ದಿನವೇ ಡಬ್ಬಿ ಮಾರುವವನನ್ನೂ ಮನೆಗೆ ಸೇರಿಸಬೇಡ, ನಮ್ಮವನು ಅಂತ ನೋಡಬೇಡ, ಕಲಿತವರಾ ಅಂತ ನೋಡು ಅಂದ. ಆಮೇಲೆ ತನಗೆ ಕಲಿಸುತ್ತಿದ್ದ ಟ್ರೈನರ್, ಬನಶಂಕರಿಯ ಶ್ವೇತ ಅನ್ನುವವಳ ನಂಬರ್ ಕೊಟ್ಟು ಹೋದ.

ಶ್ವೇತ ಬಂದ ದಿನ ಕೆಂಪರಾಜುಗೆ ಇನ್ನೊಂದು ಇರುಸುಮುರುಸು. ಮೂವತ್ತೆರಡರ ಹೆಣ್ಣುಮಗಳು, ಸ್ಕೂಟರಿನಲ್ಲಿ ಬಂದಿದ್ದಳು, ಕೈಯಲ್ಲಿ ಒಂದು ನೋಟ್‌ಬುಕ್ಕು ಮತ್ತು ಒಂದು ಬಿ.ಪಿ. ಮಿಷಿನ್ನು. ಕೋರ್ಸು ಮುಗಿಸಿದ ಸರ್ಟಿಫಿಕೇಟನ್ನು ಯಾರೂ ಕೇಳುವ ಮೊದಲೇ ತೋರಿಸಿದಳು. ಅವತ್ತು ವ್ಯಾಯಾಮ ಏನೂ ಮಾಡಿಸಲಿಲ್ಲ, ಬರೀ ಪ್ರಶ್ನೆ ಕೇಳಿದಳು. ನಿದ್ದೆ ಎಷ್ಟು ಹೊತ್ತು, ಊಟ ಏನು, ಎದೆನೋವು ಬಂದಿತ್ತಾ, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತಾ? ಮಾತ್ರೆ ಸರಿಯಾಗಿ ತಗೊಳ್ತೀರಾ ಅಂದಾಗ ಕೆಂಪರಾಜು ತಗೊಳ್ತೀನಿ ಅಂದ. ನಾರಾಯಣಮ್ಮ ಒಳಗೆ ಹೋಗಿ ಬಿ.ಪಿ. ಮಾತ್ರೆಯ ಪಟ್ಟಿ ತಂದು ಶ್ವೇತಳ ಮುಂದೆ ಇಟ್ಟಳು. ವಾರದಲ್ಲಿ ಮೂರು ಮಾತ್ರೆ ಹಾಗೇ ಉಳಿದಿದ್ದವು. ಕಳ್ಳ ಸಿಕ್ಕಿಬಿದ್ದ.

ಬಿ.ಪಿ. ಹತೋಟಿಗೆ ಬರಬೇಕು, ಈ ಬೆನ್ನಿಗೆ ಏನೇನು ಮಾಡಿಸಬಹುದು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬರಬೇಕು, ಅಲ್ಲಿವರೆಗೆ ಶುರು ಮಾಡೋಲ್ಲ ಅಂದಳು ಶ್ವೇತ. ಕೆಂಪರಾಜುಗೆ ಮೈ ಉರಿಯಿತು. ಈ ಬೀದಿಯಲ್ಲಿ ಅವನಿಗೆ ಆಗೋಲ್ಲ ಅಂದವರು ಬಹಳ ವರ್ಷದಿಂದ ಯಾರೂ ಇರಲಿಲ್ಲ.

ಕೊನೆಗೆ ಅವಳು ನೋಟ್‌ಬುಕ್ಕಿನ ಹೊಸ ಹಾಳೆ ತೆಗೆದು, ನಿಮ್ಮ ಗುರಿ ಏನು ಸಾರ್ ಅಂತ ಕೇಳಿದಳು.

"ಹೊಟ್ಟೆ ಕರಗ್ಬೇಕು," ಅಂದ ಕೆಂಪರಾಜು.

"ಅಷ್ಟೇನಾ?"

ಅವನು ಕಿಟಕಿ ಕಡೆ ನೋಡಿದ. ಒಳಗಿನ ಕೋಣೆಯಲ್ಲಿ ಸೊಣ್ಣಮ್ಮ ಕೆಮ್ಮಿದರು. ಆ ಸದ್ದು ಕೇಳಿದ್ದೇ ತಡ, ಕಟ್ಟಿಕೊಂಡಿದ್ದೆಲ್ಲ ಒಡೆದು ಬಂತು. "ನಮ್ಮವ್ವನ್ನ ಎತ್ಬೇಕಮ್ಮ. ನಾನು ಎತ್ತಿಲ್ಲ ಅಂದ್ರೆ ಅವ್ವ ಏಳಲ್ಲ. ಬೇರೆ ಏನೂ ಬೇಡ ನಂಗೆ," ಅಂದ. ಗಂಡ ಅಳುವುದನ್ನು ನಾರಾಯಣಮ್ಮ ಮಾವ ತೀರಿಕೊಂಡ ಮೇಲೆ ನೋಡಿದ್ದು ಅದೇ ಮೊದಲು.

ಶ್ವೇತ ಅದನ್ನೇ ಬರೆದುಕೊಂಡಳು. ಆಮೇಲೆ ಒಂದು ಮಾತು ಹೇಳಿದಳು. ನಿಮ್ಮ ಬೆನ್ನು, ಕಾಲು, ಉಸಿರು ನನ್ನ ಕೆಲಸ. ಅಮ್ಮನ ಸೊಂಟ ನನ್ನ ಕೆಲಸ ಅಲ್ಲ, ಅದಕ್ಕೆ ಫಿಸಿಯೋಥೆರಪಿಯವರನ್ನೇ ಮತ್ತೆ ಕರೆಸಿ ಅಂದಳು. ಎಲ್ಲ ನಾನೇ ಮಾಡ್ತೀನಿ ಅನ್ನದೇ ಇದ್ದದ್ದು ನಾರಾಯಣಮ್ಮನಿಗೆ ಹಿಡಿಸಿತು. ಅವತ್ತೇ ಫೋನ್ ಮಾಡಿ, ಮರುದಿನದಿಂದ ಬೆಳಿಗ್ಗೆ ಹನ್ನೊಂದಕ್ಕೆ ಬರಲು ಹೇಳಿದಳು. ಅವ್ವ ಕಂಬಳಿ ಹೊದ್ದುಕೊಳ್ಳುತ್ತಾರೆ ಅಷ್ಟೇ ಅಂತ ಕೆಂಪರಾಜು ತಲೆ ಕೆಡಿಸಿಕೊಳ್ಳಲಿಲ್ಲ. ಬೆನ್ನು ಸ್ವಲ್ಪ ಸುಧಾರಿಸಿ ಓಡಾಡುವ ಹಾಗಾದ ಮೇಲೆ ಆ ಹೊತ್ತಿಗೆ ಅವನು ಹೇಗೂ ಬಿಲ್ಡಿಂಗ್ ಕಡೆ ಹೋಗಿರುತ್ತಿದ್ದ.

ಡಾಕ್ಟರ ಚೀಟಿ ಬಂತು, ಬಿ.ಪಿ. ಇಳಿಯಿತು, ಪಾಠ ಶುರುವಾಯಿತು. ಮೊದಲ ವಾರ ಉಸಿರಾಟ ಮತ್ತು ನಡಿಗೆ. ಎರಡನೇ ವಾರದಿಂದ ನಡುಮನೆಯಲ್ಲಿ ಕುರ್ಚಿ ಹಾಕಿ, ಕೈ ಊರದೆ ಕೂತು ಏಳುವುದು. ಕೆಂಪರಾಜುಗೆ ಇದು ಮಕ್ಕಳಾಟ ಅನ್ನಿಸಿತ್ತು. ಆರನೇ ಸಲಕ್ಕೆ ತೊಡೆ ನಡುಗಿ ದೊಪ್ಪನೆ ಕೂತ. ಒಳಗಿನ ಮಂಚದಿಂದ ಕಿಸಕ್ ಅಂತ ನಗು ಕೇಳಿತು. ಸೊಣ್ಣಮ್ಮ ಗೋಡೆ ಬಿಟ್ಟು ಈ ಕಡೆ ತಿರುಗಿದ್ದರು. ತೆರೆದ ಬಾಗಿಲಿನಿಂದ ಮಗನ ಸರ್ಕಸ್ಸು ಅವರಿಗೆ ನೇರವಾಗಿ ಕಾಣುತ್ತಿತ್ತು.

"ಏನ್ಲಾ ರಾಜ, ಏಳೋಕೂ ಆಗಲ್ವಾ ನಿಂಗೆ?" ಅಂದರು. ಎಷ್ಟೋ ವಾರದ ಮೇಲೆ ಬಂದ ಮಾತು ಅದು. ಬೈಗುಳವೇ ಆದರೂ ಕೆಂಪರಾಜುಗೆ ಜೇನು ಕುಡಿದ ಹಾಗಾಯಿತು. ಅಂದಿನಿಂದ ಅವನ ವ್ಯಾಯಾಮದ ಹೊತ್ತಿಗೆ ಸೊಣ್ಣಮ್ಮನಿಗೆ ದಿಂಬು ಒರಗಿಸಿ ಕೂರಿಸಬೇಕಿತ್ತು. ಮಗ ಎಷ್ಟು ಸಲ ಎದ್ದ ಅಂತ ಅವರೇ ಎಣಿಸುತ್ತಿದ್ದರು, ಅದರಲ್ಲೂ ಒಂದೆರಡು ಕಳೆದೇ ಹೇಳುತ್ತಿದ್ದರು.

ಡಾಕ್ಟರು ಹೇಳಿದ ಆರು ವಾರ ಕಳೆದ ಮೇಲೆ ಶ್ವೇತ ನೀರಿನ ಬಿಂದಿಗೆ ಎತ್ತುವುದನ್ನೂ ಮೊದಲಿನಿಂದ ಕಲಿಸಿದಳು. ಭಾರವನ್ನು ಮೈ ಹತ್ತಿರ ತರಬೇಕು, ಸೊಂಟ ಹಿಂದಕ್ಕೆ ತಳ್ಳಿ ಮಂಡಿ ಬಾಗಿಸಬೇಕು, ಏಳುವಾಗ ಕಾಲು ದುಡಿಯಬೇಕು, ಬೆನ್ನು ದುಡಿಯಬಾರದು. ನಾರಾಯಣಮ್ಮನೂ ಪಕ್ಕದಲ್ಲಿ ನಿಂತು ಕಲಿತಳು. ಊಟದಲ್ಲಿ ಮುದ್ದೆಯನ್ನು ಬಿಡಿಸಲಿಲ್ಲ, ಗಾತ್ರ ಇಳಿಸಿ ಕಾಳು, ಸೊಪ್ಪು ಹೆಚ್ಚಿಸಿ ಅಂದಳು. ಡಬ್ಬಿಯ ಮಾತೇ ಎತ್ತಲಿಲ್ಲ.

ಏಳನೇ ವಾರಕ್ಕೆ ಬೆನ್ನು ನೋವು ಮಾಯವಾಯಿತು. ಕೆಂಪರಾಜುಗೆ ತಡೆಯಲಾಗಲಿಲ್ಲ. ಇವತ್ತು ಅವ್ವನನ್ನು ಎತ್ತೇ ತೀರುತ್ತೇನೆ ಅಂತ ಹೊರಟ. ಶ್ವೇತ ಬಾಗಿಲಿಗೆ ಅಡ್ಡ ನಿಂತಳು. ಇನ್ನೂ ನಾಲ್ಕು ವಾರ ಬೇಕು ಅಂದಳು. ಅವನು ದನಿ ಏರಿಸಿದ. ನನ್ನ ತಾಯಿ, ನನ್ನ ಮನೆ, ದುಡ್ಡು ಕೊಡುವವನು ನಾನು ಅಂದ.

ಅವಳು ದನಿ ಏರಿಸಲಿಲ್ಲ. "ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನೋಕೆ ನಿಮ್ಗೆ ಬೇಕಾದಷ್ಟು ಜನ ಇದ್ದಾರೆ ಸಾರ್. ಬೇಡ ಅನ್ನೋಕೆ ನಾನು ಬರ್ತಿದೀನಿ. ಅದಕ್ಕೇ ನೀವು ಫೀಸ್ ಕೊಡ್ತಿರೋದು."

ಕೆಂಪರಾಜು ಸಿಟ್ಟಿನಲ್ಲಿ ಹೊರಗೆ ಬಂದು ಜಗಲಿಯಲ್ಲಿ ಕೂತ. ಅದೇ ಹೊತ್ತಿಗೆ ಮನೋಜ್ ಎಳನೀರು ಹಿಡಿದುಕೊಂಡು ನೋಡಲು ಬಂದ. ಅವನು ಹಿಂದೆಯೂ ಒಮ್ಮೆ ನೋಡಲು ಬಂದಿದ್ದ, ಆದರೆ ಏನೋ ಹೇಳಲು ಬಾಯಿ ತೆಗೆದು ಸುಮ್ಮನೆ ಹೋಗಿದ್ದ. ಈ ಸಲ ಹೇಳಿಯೇಬಿಟ್ಟ. ಓನರ್ ಸಾರ್ ಎತ್ತುತ್ತಿದ್ದ ತೂಕ ಜಾಸ್ತಿ ಅಂತಲೂ, ಬೆನ್ನು ಬಾಗುತ್ತಿದೆ ಅಂತಲೂ ಅವನಿಗೆ ಮೊದಲ ದಿನವೇ ಕಂಡಿತ್ತು. ಜಿಮ್ ಜಾಗದ ಬಾಡಿಗೆ ಅಗ್ರಿಮೆಂಟು ಮುಗಿಯಲು ಆಗ ನಾಲ್ಕು ತಿಂಗಳಷ್ಟೇ ಇತ್ತು, ತಿದ್ದಿದರೆ ಸಾರ್‌ಗೆ ಬೇಜಾರಾಗಿ ಜಾಗ ಖಾಲಿ ಮಾಡಿ ಅಂದುಬಿಟ್ಟರೆ ಅಂತ ಬಾಯಿ ಮುಚ್ಚಿಕೊಂಡಿದ್ದ. ಹೇಳುವಾಗ ಅವನ ಕಣ್ಣು ನೆಲದಲ್ಲಿತ್ತು.

ಕೆಂಪರಾಜು ಬೈಯಲಿಲ್ಲ. ತಪ್ಪು ಯಾರದು ಅಂತ ಅವನಿಗೆ ಗೊತ್ತಾಗಿತ್ತು. ತನಗೆ ಹೆದರುವವರ ಹತ್ತಿರ ವಿದ್ಯೆ ಕಲಿಯಲು ಹೋಗಿದ್ದ ತಾನೇ ದಡ್ಡ. ಮುಂದೆ ಯಾರಿಗಾದರೂ ತಪ್ಪು ಕಂಡರೆ ಓನರೇ ಆಗಿರಲಿ, ಓನರ ಅಪ್ಪನೇ ಆಗಿರಲಿ, ಹೇಳಿಬಿಡು ಅಂದ. ಜಾಗ ಎಲ್ಲೂ ಹೋಗಲ್ಲ ಅಂತಲೂ ಹೇಳಿದ. ಮನೋಜ್ ಬಿಟ್ಟ ನಿಟ್ಟುಸಿರು ಬೀದಿಗೆ ಕೇಳುವಂತಿತ್ತು. ಕೆಂಪರಾಜು ಎಳನೀರು ಕುಡಿದು ಒಳಗೆ ಹೋಗಿ, ನಾಲ್ಕು ವಾರ ತಾನೆ, ಆಗಲಿ ಅಂದ.

ಹನ್ನೊಂದನೇ ವಾರ ಡಾಕ್ಟರು ಸರಿ ಅಂದರು, ಫಿಸಿಯೋಥೆರಪಿಯವರೂ ಸರಿ ಅಂದರು. ಸೋಮವಾರ ಬೆಳಿಗ್ಗೆ ಏಳಕ್ಕೆ ಶ್ವೇತ, ಫಿಸಿಯೋಥೆರಪಿಯವರು ಇಬ್ಬರೂ ಮನೆಗೆ ಬಂದರು. ಇನ್ನು ಮೇಲೆ ತೋಳಲ್ಲಿ ಹೊತ್ತುಕೊಂಡು ಬರುವ ಹಾಗೇ ಇಲ್ಲ, ಏಳಲು ಆಸರೆ ಕೊಡಬೇಕು ಅಷ್ಟೇ ಅಂತ ಅವರು ಮೊದಲೇ ತಿಳಿಸಿ ಅಭ್ಯಾಸ ಮಾಡಿಸಿದ್ದರು. ಕೆಂಪರಾಜು ಮಂಚದ ಮುಂದೆ ಕಾಲು ಅಗಲಿಸಿ ನಿಂತ. ಮಂಡಿ ಬಾಗಿಸಿದ. ಅವ್ವನ ಬೆನ್ನ ಹಿಂದೆ ಕೈ ಹಾಕಿದ. ಎರಡೂವರೆ ತಿಂಗಳು ಬೆವರು ಸುರಿಸಿ ಕೂಡಿಟ್ಟ ಶಕ್ತಿಯನ್ನೆಲ್ಲ ಕಾಲಿಗೆ ತಂದುಕೊಂಡು, ಒಂದು, ಎರಡು, ಮೂರು ಅಂದ.

ಭಾರವೇ ಇರಲಿಲ್ಲ. ತನಗೆ ಇಷ್ಟು ಶಕ್ತಿ ಬಂತಾ ಅಂತ ಅವನಿಗೆ ಒಂದು ಕ್ಷಣ ಬೆರಗಾಯಿತು. ಆಮೇಲೆ ಕೆಳಗೆ ನೋಡಿದ. ಸೊಣ್ಣಮ್ಮನ ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿ ಊರಿದ್ದವು. ಅವನ ಕೈ ಅವರ ಬೆನ್ನಿಗೆ ಬರೀ ತಾಗಿತ್ತು.

"ನಿಂಗೆ ಹತ್ತು ಸಲ ಆದ್ರೆ ನಂಗೆ ಎರಡು ಸಲನಾದ್ರೂ ಆಗಲ್ವೇನ್ಲಾ?" ಅಂದರು ಸೊಣ್ಣಮ್ಮ.

ನಾರಾಯಣಮ್ಮ ಗುಟ್ಟು ಬಿಚ್ಚಿದಳು. ಮಗ ಕೂತು ಏಳುವುದನ್ನು ದಿನಾ ನೋಡಿ ನೋಡಿ ಅತ್ತೆಗೂ ಹಟ ಬಂದಿತ್ತು. ಹನ್ನೊಂದು ಗಂಟೆಗೆ ಫಿಸಿಯೋಥೆರಪಿಯವರು ಬಂದಾಗ ಕಂಬಳಿ ಹೊದ್ದುಕೊಳ್ಳುವುದನ್ನು ಬಿಟ್ಟು ಎಂಟು ವಾರವಾಗಿತ್ತು. ಆಗದೇ ಹೋದರೆ ಮಗನಿಗೆ ಆಸೆ ತೋರಿಸಿದ ಹಾಗಾಗುತ್ತದೆ, ಹೇಳಬೇಡಿ ಅಂತ ಅತ್ತೆಯೇ ಅಂದಿದ್ದರು.

ಮುಂದೆ ವಾಕರ್ ಹಿಡಿದು ಸೊಣ್ಣಮ್ಮ ಹೆಜ್ಜೆ ಇಟ್ಟರು. ಮಂಚದಿಂದ ಬಾಗಿಲವರೆಗಿನ ಹತ್ತು ಹೆಜ್ಜೆ ಅವರಿಗೆ ಇಪ್ಪತ್ತಾರಾಯಿತು. ಪಕ್ಕದಲ್ಲಿ ಕೈ ಚಾಚಿಕೊಂಡೇ ನಡೆದ ಕೆಂಪರಾಜುಗೆ ಒಂದು ವಿಷಯ ಹೊಳೆಯಿತು. ಜಿಮ್ಮಿನವರೆಲ್ಲ ತನಗೆ ಹೂಂ ಅಂದ ಹಾಗೆ, ತಾನೂ ಅವ್ವನಿಗೆ ಒಂದು ವರ್ಷ ಹೂಂ ಅಂದುಬಿಟ್ಟಿದ್ದ. ಪ್ರೀತಿಯಿಂದಲೇ ಎತ್ತಿ ಎತ್ತಿ, ನಡೆಯಬಹುದಾದ ಕಾಲನ್ನು ಮಲಗಿಸಿದ್ದ. ಕುರ್ಚಿ ಮುಟ್ಟಿದಾಗ ಅವ್ವ ಕೂತರು, ಅವನು ಪಕ್ಕದ ನೆಲದಲ್ಲಿ ಕೂತ. ಸಮಾಧಾನದಿಂದ ಅವನ ಮೈಯೆಲ್ಲ ಹಗುರಾಗಿತ್ತು. ನಾರಾಯಣಮ್ಮ ಎಲ್ಲರಿಗೂ ಕಾಫಿ ತಂದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ಮೈಯಲ್ಲಿ ಶಕ್ತಿ ಬೇಕು ಅನ್ನುವುದು ಸಿನಿಮಾದವರ ಆಸೆ ಮಾತ್ರ ಅಲ್ಲ. ಮೆಟ್ಟಿಲು ಹತ್ತಲು, ಮೊಮ್ಮಗುವನ್ನು ಎತ್ತಲು, ಹೆತ್ತವರಿಗೆ ಆಸರೆಯಾಗಲು ಎಲ್ಲರಿಗೂ ಬೇಕು. ವಿಡಿಯೋ ನೋಡಿ ಭಾರ ಎತ್ತಲು ಹೋಗಬೇಡಿ. ಬಿ.ಪಿ., ಸಕ್ಕರೆ, ಹಳೆಯ ನೋವು ಏನಿದ್ದರೂ ಮೊದಲು ಡಾಕ್ಟರನ್ನು ಕಾಣಿ. ಆಮೇಲೆ ಕಲಿತಿರುವ ಟ್ರೈನರನ್ನು ಹುಡುಕಿ. ಸರ್ಟಿಫಿಕೇಟ್ ಕೇಳಲು ನಾಚಿಕೆ ಬೇಡ, ಕಲಿತವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲ ದಿನ ನಿಮ್ಮ ಆರೋಗ್ಯ ವಿಚಾರಿಸದೇ ಭಾರ ಕೈಗೆ ಕೊಡುವವರು ಬೇಡ, ತಿಂಗಳಲ್ಲಿ ಪವಾಡ ಮಾಡುವವರೂ ಬೇಡ. ಮನೆಗೇ ಬರಬೇಕು ಅಂತಿಲ್ಲ; ಖರ್ಚು ಹೆಚ್ಚಾಯಿತು ಅನ್ನಿಸಿದರೆ ನಾಲ್ಕು ಮನೆಯವರು ಸೇರಿ ಒಬ್ಬರನ್ನೇ ಕರೆಸಿ, ಪಾರ್ಕಿನಲ್ಲಿ ಒಟ್ಟಿಗೆ ಕಲಿಯಿರಿ. ತಪ್ಪು ಮಾಡಿದಾಗ ತಿದ್ದುವವರನ್ನು, ಆತುರಪಟ್ಟಾಗ ಬೇಡ ಅನ್ನುವವರನ್ನು ಬಿಡಬೇಡಿ. ಅವರು ನಿಮ್ಮ ಗುರಿ ಏನು ಅಂತ ಕೇಳಿದಾಗ ಹೊಟ್ಟೆಯ ಹೆಸರು ಹೇಳಿ ತಪ್ಪಿಸಿಕೊಳ್ಳಬೇಡಿ. ನೀವು ಯಾರಿಗಾಗಿ ಗಟ್ಟಿಯಾಗಬೇಕೋ ಅವರ ಹೆಸರು ಹೇಳಿ.